ಉಬುಂಟುವಿನಲ್ಲಿ ಮರಿಯಾಡಿಬಿ: ರೂಟ್‌ಗೆ ಪಾಸ್‌ವರ್ಡ್ ಕೇಳುವುದೇ ಇಲ್ಲ, ಇದು ಸುರಕ್ಷಿತವೇ?

ಪ್ರಶ್ನೆ

ಕಾಲೇಜು ಗ್ರಂಥಾಲಯದ ಪುಸ್ತಕಗಳ ದತ್ತಾಂಶಕ್ಕಾಗಿ ಉಬುಂಟು 24.04 ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಎಪಿಟಿ (ಉಬುಂಟುವಿನ ತಂತ್ರಾಂಶ ಸ್ಥಾಪಿಸುವ ಆಜ್ಞೆ) ಮೂಲಕ ಮರಿಯಾಡಿಬಿ ಎಂಬ ಡೇಟಾಬೇಸ್ ಸರ್ವರ್ ಸ್ಥಾಪಿಸಿದ್ದೇನೆ. ಎಲ್ಲಿಯೂ ಪಾಸ್‌ವರ್ಡ್ ಕೇಳಲಿಲ್ಲ. ಸುಡೋ (ನಿರ್ವಾಹಕನ ಹಕ್ಕಿನಿಂದ ಆಜ್ಞೆ ಓಡಿಸುವ ಸೌಲಭ್ಯ) ಜೊತೆ ಮರಿಯಾಡಿಬಿ ಎಂದು ಟೈಪ್ ಮಾಡಿದರೆ ನೇರವಾಗಿ ರೂಟ್ (ಎಲ್ಲ ಹಕ್ಕುಗಳಿರುವ ಬಳಕೆದಾರ) ಆಗಿ ಒಳಗೆ ಹೋಗುತ್ತದೆ. ಇದು ಅಪಾಯವಲ್ಲವೇ? ಪಕ್ಕದ ಕೊಠಡಿಯ ಕಂಪ್ಯೂಟರಿನಿಂದಲೂ ಇದಕ್ಕೆ ಸಂಪರ್ಕ ಬೇಕಾಗಿದೆ. ಬೈಂಡ್ ಅಡ್ರೆಸ್ (ಸರ್ವರ್ ಸಂಪರ್ಕಗಳಿಗೆ ಕಾಯುವ ವಿಳಾಸ) ಅನ್ನು 0.0.0.0 ಮಾಡಿ, ಬಳಕೆದಾರನ ಹೋಸ್ಟ್ (ಆತ ಯಾವ ಕಂಪ್ಯೂಟರಿನಿಂದ ಬರಬಹುದು ಎಂಬ) ಜಾಗದಲ್ಲಿ % (ಯಾವುದಾದರೂ ಸರಿ ಎಂಬ ಗುರುತು) ಹಾಕಿ ಎಂದು ಒಬ್ಬರು ಹೇಳಿದರು. ಹಾಗೆ ಮಾಡಬಹುದೇ?

ಉತ್ತರ 1

ಪಾಸ್‌ವರ್ಡ್ ಕೇಳದಿರುವುದು ದೋಷವಲ್ಲ. ಇಲ್ಲಿ ರೂಟ್ ಖಾತೆಗೆ ಯುನಿಕ್ಸ್ ಸಾಕೆಟ್ ದೃಢೀಕರಣವಿದೆ, ಅಂದರೆ ಸಂಪರ್ಕಿಸುತ್ತಿರುವವರು ಯಾವ ಲಿನಕ್ಸ್ ಬಳಕೆದಾರ ಎಂಬುದನ್ನು ಕರ್ನಲ್ (ಲಿನಕ್ಸಿನ ತಿರುಳು) ತಿಳಿಸುತ್ತದೆ, ಆತ ರೂಟ್ ಆಗಿದ್ದರೆ ಮಾತ್ರ ಸರ್ವರ್ ಒಳಗೆ ಬಿಡುತ್ತದೆ. ಹಾಗಾಗಿ ನೀವು ಕಾಪಾಡಬೇಕಾದದ್ದು ಸುಡೋ ಹಕ್ಕನ್ನು. ಮರಿಯಾಡಿಬಿ ಜೊತೆಗೇ ಬರುವ ಭದ್ರತಾ ಸ್ಕ್ರಿಪ್ಟ್ (mariadb-secure-installation) ಅನ್ನು ಒಮ್ಮೆ ಓಡಿಸಿರಿ: ರೂಟ್ ಪಾಸ್‌ವರ್ಡ್ ಬದಲಿಸುವ ಪ್ರಶ್ನೆಗೆ ಬೇಡವೆಂದು ಉತ್ತರಿಸಿ, ಅನಾಮಧೇಯ ಬಳಕೆದಾರರು, ದೂರದಿಂದ ರೂಟ್ ಪ್ರವೇಶ, ಟೆಸ್ಟ್ ಡೇಟಾಬೇಸ್ ಇವೆಲ್ಲವನ್ನೂ ತೆಗೆದುಹಾಕಲು ಒಪ್ಪಿಕೊಳ್ಳಿ.

ಉತ್ತರ 2

ನಿಜವಾದ ಅಪಾಯ ಇರುವುದು ನಿಮಗೆ ಸಿಕ್ಕ ಎರಡನೆಯ ಸಲಹೆಯಲ್ಲಿ. ಉಬುಂಟುವಿನ ಪ್ಯಾಕೇಜು ಸರ್ವರನ್ನು 127.0.0.1 (ಅಂದರೆ ಅದೇ ಯಂತ್ರ) ವಿಳಾಸಕ್ಕೆ ಮಾತ್ರ ಕಟ್ಟಿರುತ್ತದೆ, 0.0.0.0 ಎಂದು ಬರೆದು ಸರ್ವರನ್ನು ಮರುಪ್ರಾರಂಭಿಸಿದ ಕ್ಷಣದಿಂದ 3306ನೇ ಪೋರ್ಟ್ (ಮರಿಯಾಡಿಬಿ ಸಂಪರ್ಕಗಳು ಬರುವ ದ್ವಾರ) ಆ ಯಂತ್ರದ ಎಲ್ಲ ಜಾಲಗಳಿಗೂ ತೆರೆದುಕೊಳ್ಳುತ್ತದೆ, ಅದರ ಮೇಲೆ % ಸೇರಿದರೆ ಕಾವಲಿಗೆ ಉಳಿಯುವುದು ಒಂದು ಪಾಸ್‌ವರ್ಡ್ ಅಷ್ಟೇ. ಅದರ ಬದಲು ಮರಿಯಾಡಿಬಿಯ 50-ಸರ್ವರ್ ಸಂರಚನಾ ಕಡತದಲ್ಲಿ (50-server.cnf) ಬೈಂಡ್ ಅಡ್ರೆಸ್ ಆಗಿ ಸರ್ವರಿನ ಒಳಜಾಲದ ವಿಳಾಸವನ್ನು, ಉದಾಹರಣೆಗೆ 192.168.1.20, ಬರೆಯಿರಿ. ಪಕ್ಕದ ಕಂಪ್ಯೂಟರ್ 192.168.1.35 ಆಗಿದ್ದರೆ ಹೊಸ ಬಳಕೆದಾರನ ಹೋಸ್ಟ್ ಜಾಗದಲ್ಲಿ ಅದನ್ನೇ ನಮೂದಿಸಿ, ಆ ಒಂದು ಡೇಟಾಬೇಸಿನ ಮೇಲೆ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ (ಓದುವ, ಸೇರಿಸುವ, ಬದಲಿಸುವ, ಅಳಿಸುವ) ಹಕ್ಕುಗಳನ್ನು ಮಾತ್ರ ಕೊಡಿರಿ. ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂನಲ್ಲಿಯೂ ಅದೊಂದೇ ವಿಳಾಸಕ್ಕೆ 3306 ತೆರೆಯಿರಿ. ಆದರೆ ಫೈರ್‌ವಾಲ್ ಚಾಲೂ ಮಾಡುವ ಮುನ್ನ ಎಸ್‌ಎಸ್‌ಎಚ್‌ಗೆ (ದೂರದಿಂದ ಯಂತ್ರಕ್ಕೆ ಲಾಗಿನ್ ಆಗುವ ಸೇವೆ) ಅನುಮತಿ ಕೊಟ್ಟಿರಬೇಕು, ಇಲ್ಲವಾದರೆ ದೂರದಿಂದ ಕೆಲಸ ಮಾಡುತ್ತಿರುವ ನೀವೇ ಹೊರಗುಳಿಯುತ್ತೀರಿ. ಎರಡೂ ವಿಳಾಸಗಳನ್ನು ರೌಟರಿನಲ್ಲಿ ಕಾಯಂ ಮಾಡುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಸೂಚಿಸಿದಂತೆ ಬದಲಿಸಿದ್ದೇನೆ. ಆದರೆ ಪಕ್ಕದ ಕಂಪ್ಯೂಟರಿನಿಂದ ಸಂಪರ್ಕಿಸಿದರೆ 'ಕನೆಕ್ಷನ್ ರೆಫ್ಯೂಸ್ಡ್' ಎನ್ನುತ್ತಿದೆ.

ಉತ್ತರ 3

ಆ ಸಂದೇಶ ಬಂದಿದೆಯೆಂದರೆ ಆ ವಿಳಾಸದಲ್ಲಿ ಯಾವ ಸೇವೆಯೂ ಕಿವಿಗೊಡುತ್ತಿಲ್ಲ ಎಂದರ್ಥ. ಬಹುಶಃ ಕಡತ ಉಳಿಸಿದ ಮೇಲೆ ಸರ್ವರನ್ನು ಮರುಪ್ರಾರಂಭಿಸಿಲ್ಲ. ಯುಎಫ್‌ಡಬ್ಲ್ಯೂ ತಡೆಯುತ್ತಿದ್ದರೆ ಸಾಮಾನ್ಯವಾಗಿ ಉತ್ತರವೇ ಬಾರದೆ ಸಮಯ ಮೀರುತ್ತಿತ್ತು, ಬಳಕೆದಾರನ ಹೋಸ್ಟ್ ಅಥವಾ ಪಾಸ್‌ವರ್ಡ್ ತಪ್ಪಾಗಿದ್ದರೆ ಸರ್ವರೇ ಪ್ರವೇಶ ನಿರಾಕರಿಸುತ್ತಿತ್ತು. ಸಿಸ್ಟಮ್‌ಕಂಟ್ರೋಲ್ (systemctl) ಆಜ್ಞೆಯಿಂದ ಮರುಪ್ರಾರಂಭಿಸಿ, ತೆರೆದಿರುವ ಪೋರ್ಟ್‌ಗಳನ್ನು ತೋರಿಸುವ ಎಸ್‌ಎಸ್ (ss) ಆಜ್ಞೆಯ ಪಟ್ಟಿಯಲ್ಲಿ 192.168.1.20:3306 ಕಾಣುತ್ತಿದೆಯೇ ನೋಡಿ. ಅಲ್ಲಿ ಇನ್ನೂ 127.0.0.1 ಇದ್ದರೆ ಬೇರೊಂದು ಕಡತದಲ್ಲಿರುವ ಸಾಲು ನಿಮ್ಮ ಬದಲಾವಣೆಯನ್ನು ಮೀರುತ್ತಿದೆ.