ಸಹಾಯ ಬೇಕು: ಕ್ಲೋರಿನ್ ಅನಿಲ ಕುಡಿದು ನಾಲ್ಕು ತಿಂಗಳಾದರೂ ಉಸಿರಾಟ ಸರಿಹೋಗಿಲ್ಲ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಶೌಚಾಲಯ ತೊಳೆಯುವಾಗ, ಬ್ಲೀಚ್ ಹಾಕಿದ್ದ ನೆಲ ಇನ್ನೂ ಹಸಿಯಾಗಿರುವಾಗಲೇ ಅದರ ಮೇಲೆ ಆಸಿಡ್ ಸುರಿದುಬಿಟ್ಟೆ. ಇವೆರಡು ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆಂದು ಬಾಟಲಿಯ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರಗಳಲ್ಲಿ ಬರೆದಿದ್ದುದನ್ನು ನಾನು ಓದಿದ್ದು ಆಮೇಲೆ. ಕಣ್ಣು ಉರಿದು, ಗಂಟಲು ಕಟ್ಟಿ, ಬಾಗಿಲಿನ ಚಿಲಕ ತಡಕಾಡಿ ಹೊರಬರುವಷ್ಟರಲ್ಲಿ ಸಾಕಷ್ಟು ಒಳಗೆ ಹೋಗಿತ್ತು.

ಅಂದು ರಾತ್ರಿಯೇ ಶುರುವಾದ ಕೆಮ್ಮು ಮತ್ತು ಎದೆಬಿಗಿತ ಇಂದಿಗೂ ಬಿಟ್ಟಿಲ್ಲ. ನನಗೆ ಹಿಂದೆಂದೂ ಆಸ್ತಮಾ ಇರಲಿಲ್ಲ, ಸಿಗರೇಟಿನ ಅಭ್ಯಾಸವೂ ಇಲ್ಲ. ಈಗ ಪಕ್ಕದಲ್ಲಿ ಯಾರಾದರೂ ಸೆಂಟ್ ಹಾಕಿಕೊಂಡು ನಿಂತರೂ ಸಾಕು, ಎದೆಯೊಳಗೆ ಸುಂಯ್ ಎಂದು ಸದ್ದು ಬರುತ್ತದೆ.

ಎಕ್ಸ್‌-ರೇ ಸರಿಯಿದೆ, ಸ್ಪೈರೋಮೆಟ್ರಿಯೂ (ಜೋರಾಗಿ ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಎರಡು ಸಲ ಸಹಜವೆಂದೇ ಬಂದಿದೆ. ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಎಳೆದುಕೊಂಡರೆ ಕೆಲವು ಗಂಟೆ ಹಗುರವೆನಿಸುತ್ತದೆ. ಎಂಟು ವಾರಗಳಿಂದ ಸ್ಟಿರಾಯ್ಡ್ ಇನ್‌ಹೇಲರ್ ಕೂಡ ನಡೆದಿದೆ. ಒಬ್ಬ ವೈದ್ಯರು ಇದು ಬರೀ ಆತಂಕವೆಂದರು (ಆತಂಕಕ್ಕೆ ಸಾಲ್ಬುಟಮಾಲ್ ಕೆಲಸ ಮಾಡುವುದೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ). ಇನ್ನೊಬ್ಬರು, ಅನಿಲ ಕುಡಿದ 24 ಗಂಟೆಗಳೊಳಗೆ ಆರಂಭವಾಗಿ ಮೂರು ತಿಂಗಳು ಮೀರಿಯೂ ಉಳಿಯುವ ರಿಯಾಕ್ಟಿವ್ ಏರ್‌ವೇಸ್ ಡಿಸ್‌ಫಂಕ್ಷನ್ ಸಿಂಡ್ರೋಮ್ (ಕೆರಳಿಸುವ ಅನಿಲದಿಂದ ಬರುವ ಆಸ್ತಮಾದಂಥ ತೊಂದರೆ) ಇರಬಹುದೆಂದೂ, ಸ್ಪೈರೋಮೆಟ್ರಿ ಸಹಜವಿದ್ದರೂ ಶ್ವಾಸನಾಳಗಳ ಅತಿಸೂಕ್ಷ್ಮತೆ ಮೆಥಾಕೋಲಿನ್ ಪರೀಕ್ಷೆಯಲ್ಲಿ (ಶ್ವಾಸನಾಳ ಕುಗ್ಗಿಸುವ ಔಷಧವನ್ನು ಸ್ವಲ್ಪಸ್ವಲ್ಪವೇ ಉಸಿರಿನಲ್ಲಿ ಕೊಟ್ಟು ನೋಡುವುದು) ಗೊತ್ತಾಗಬಹುದೆಂದೂ ಹೇಳಿದರು. ನನ್ನ ಗೊಂದಲ ಇಲ್ಲಿಯೇ ಇದೆ: ಇನ್‌ಹೇಲರ್ ಬಳಸುತ್ತಲೇ ಪರೀಕ್ಷೆ ಮಾಡಿಸಿದರೆ ತೊಂದರೆ ಮರೆಯಾಗಿ ಫಲಿತಾಂಶ ಸಹಜವೆಂದು ಬರಬಹುದು, ನಿಲ್ಲಿಸಿದರೆ ರಾತ್ರಿ ಕಳೆಯುವುದೇ ಕಷ್ಟ.

ಇಂಥ ಅನಿಲ ಕುಡಿದ ಬಳಿಕ ಮೆಥಾಕೋಲಿನ್ ಪರೀಕ್ಷೆ ಮಾಡಿಸಿಕೊಂಡವರು ಇಲ್ಲಿದ್ದೀರಾ? ಅದಕ್ಕೆ ಮೊದಲು ನಿಮ್ಮ ವೈದ್ಯರು ಯಾವ ಇನ್‌ಹೇಲರನ್ನು ಎಷ್ಟು ದಿನ ನಿಲ್ಲಿಸಲು ಹೇಳಿದರು, ಆ ದಿನಗಳನ್ನು ಹೇಗೆ ಕಳೆದಿರಿ ಎಂದು ದಯವಿಟ್ಟು ತಿಳಿಸುವಿರಾ?