ಸರಿಯಾದ ಪಾಸ್‌ವರ್ಡ್ ಹಾಕುದ್ರೂ ವಾಪಸ್ ಲಾಗಿನ್ ಪೇಜಿಗೇ ಬತ್ತದೆ, ಹಳೇ ಡೆಸ್ಕ್‌ಟಾಪಲ್ಲಿ ಮಾತ್ರ ಸರಿಯಾಗೈತೆ

ಗಾಣದಮನೆ ಹೈದ:
ಎಲ್ರಿಗೂ ನಮಸ್ಕಾರ. ಪಾಂಡವಪುರದ ಹತ್ರ ನಮ್ದೊಂದು ಆಲೆಮನೆ ಐತೆ, ಯಾರ್ ಎಷ್ಟು ಟನ್ ಕಬ್ಬು ತಂದ್ರು, ಎಷ್ಟು ಬೆಲ್ಲ ಇಳೀತು, ಕೂಲಿ ಎಷ್ಟು ಅಂತ ಬರ್ಕೊಳಕ್ಕೆ ನಾನೇ ಒಂದು ಚಿಕ್ಕ ವೆಬ್ ಆಪ್ ಮಾಡಿದೀನಿ. ಬ್ರೌಸರಲ್ಲಿ ಕಾಣೋ ಮುಂದ್ಗಡೆ ಭಾಗ ರಿಯಾಕ್ಟು, ಸರ್ವರಿನ ಹಿಂದ್ಗಡೆ ಭಾಗ ಫ್ಲಾಸ್ಕು, ಒಂದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟಾಣಿ ಕಂಪ್ಯೂಟರ್ ಮೇಲೆ ಓಡ್ತದೆ. ಆಲೆಮನೆ ವೈಫೈ ಒಳ್ಗೇ ಬ್ರೌಸರಲ್ಲಿ ತೆಗಿಯೋದು, ಅಲ್ಲಿ ಇಂಟರ್ನೆಟ್ ಇಲ್ಲ. ಒಂದ್ ತಿಂಗ್ಳಿಂದ ಏನಾಗದೆ ಅಂದ್ರೆ ಕೆಲವು ದಿನ ಬೆಳಿಗ್ಗೆ ಯಾರೇ ಲಾಗಿನ್ ಮಾಡುದ್ರೂ ಒಂದ್ ಸೆಕೆಂಡು ಒಳಗಿನ ಪೇಜು ಮಿಂಚಿ ವಾಪಸ್ ಲಾಗಿನ್ ಪೇಜಿಗೇ ಬಂದ್ಬುಡ್ತದೆ, ಪಾಸ್‌ವರ್ಡ್ ತಪ್ಪು ಅಂತಾನೂ ಬರಲ್ಲ. ಕ್ಯಾಶ್ ಕ್ಲಿಯರ್ ಮಾಡ್ದೆ, ಇನ್‌ಕಾಗ್ನಿಟೋಲಿ ನೋಡ್ದೆ, ಪಾಸ್‌ವರ್ಡ್ ಬದಲಾಯಿಸ್ದೆ, ಏನೂ ಇಲ್ಲ. ತಮಾಷೆ ಅಂದ್ರೆ ತೂಕದ ರೂಮಲ್ಲಿರೋ ಹಳೇ ಡೆಸ್ಕ್‌ಟಾಪಲ್ಲಿ ಮಾತ್ರ ಯಾವತ್ತೂ ತೊಂದ್ರೆ ಆಗಿಲ್ಲ. ಇನ್ನೊಂದು, ನಾನು ಭಾನುವಾರ ಮೈಸೂರಿಂದ ಹೋಗಿ ಬ್ಯಾಕಪ್ ತಕ್ಕೊಂಡ್ರೆ ತಾನಾಗೇ ಸರಿಯಾಯ್ತದೆ. ನಮ್ಮಪ್ಪ ಅಂತೂ ನಿನ್ ಮಿಷನ್ನು ನೀನ್ ಬಂದ್ರೆ ಮಾತ್ರ ಮಾತು ಕೇಳ್ತದೆ ಅಂತ ನೋಟ್‌ಬುಕ್ಕಿಗೇ ವಾಪಸ್ ಹೋಗವ್ರೆ.

ಅಗ್ರಹಾರ ಸರ್ಕಲ್:
ಲಾಗಿನ್ ಆದಾಗ ಸರ್ವರು ಕೊಡೋ ಟೋಕನ್ನ, ಅಂದ್ರೆ ಒಳಗೆ ಬಿಡೋ ಚೀಟಿನ, ಕುಕ್ಕಿಲಿ ಇಟ್ಟಿದೀರಾ? ಹಂಗಾದ್ರೆ ಇದೇ ಇರ್ಬೇಕು: ಕುಕ್ಕಿಗೆ ಸೆಕ್ಯೂರ್ ಅಂತ ಹಾಕಿ ಎಚ್‌ಟಿಟಿಪಿಎಸ್ ಇಲ್ದೆ ಬರೀ ಎಚ್‌ಟಿಟಿಪಿಲಿ ಕಳ್ಸಿದ್ರೆ ಬ್ರೌಸರು ಅದನ್ನ ಇಟ್ಕೊಳ್ಳೋದೇ ಇಲ್ಲ. ಲೋಕಲ್‌ಹೋಸ್ಟ್, ಅಂದ್ರೆ ಸರ್ವರೂ ಅದೇ ಕಂಪ್ಯೂಟರಲ್ಲಿ ಇದ್ರೆ, ಕ್ರೋಮು ಫೈರ್‌ಫಾಕ್ಸು ಎರಡೂ ವಿನಾಯ್ತಿ ಕೊಡತ್ವೆ, ಅದಕ್ಕೇ ಮಾಡೋವಾಗ ನಮ್ಮ ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡಿ ಆಮೇಲೆ ಫೋನಲ್ಲಿ ಕೈ ಕೊಡೋದು. ನಾನೇ ಇದರಲ್ಲಿ ಒಂದು ಇಡೀ ಶನಿವಾರ ಕಳ್ಕೊಂಡಿದೀನಿ.

ಗಾಣದಮನೆ ಹೈದ:
ಕುಕ್ಕಿ ಅಲ್ಲ ಅಣ್ಣ, ಜೆಡಬ್ಲ್ಯೂಟಿ ಟೋಕನ್ನು, ಮುಗಿಯೋ ಟೈಮೂ ಅದರೊಳ್ಗೇ ಬರ್ದಿರ್ತದೆ, ಬ್ರೌಸರಿನ ಲೋಕಲ್ ಸ್ಟೋರೇಜಲ್ಲಿ ಇಡೋದು. ಎರಡು ಗಂಟೆ ಆಯಸ್ಸು ಕೊಟ್ಟಿದೀನಿ.

ಸೊನ್ನೆಒಂದು:
ಕುಕ್ಕಿ ಆಗಿದ್ರೆ ದಿನಾ ಕೆಡ್ಬೇಕಿತ್ತು, ನಿಮ್ದು ಕೆಲವು ದಿನ ಮಾತ್ರ. ಮೊದ್ಲು ನಿಮ್ಮನ್ನ ಆಚೆ ತಳ್ತಿರೋದು ಸರ್ವರ್ರಾ ಇಲ್ಲಾ ಪೇಜೇನಾ ಅಂತ ನೋಡಿ. ಕೆಟ್ಟಿರೋ ದಿನ ಲ್ಯಾಪ್‌ಟಾಪಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಲ್ಲಿ ಪ್ರಿಸರ್ವ್ ಲಾಗ್ ಟಿಕ್ ಮಾಡಿ ಆಮೇಲೆ ಲಾಗಿನ್ ಮಾಡಿ, ಆ ಟಿಕ್ ಇಲ್ದಿದ್ರೆ ಪೇಜ್ ಬದಲಾದ ತಕ್ಷಣ ಪಟ್ಟಿ ಅಳಿಸಿಹೋಗತ್ತೆ. ಟೋಕನ್ ಮಾತ್ರ ಇಲ್ಲಿ ಪೇಸ್ಟ್ ಮಾಡ್ಬೇಡಿ, ಅದು ಬೀಗ ಹಾಕಿರೋ ಪೆಟ್ಟಿಗೆ ಅಲ್ಲ, ಯಾರ್ ಬೇಕಾದ್ರೂ ಬಿಚ್ಚಿ ಓದ್ಬೋದು.

ಗಾಣದಮನೆ ಹೈದ:
ಇವತ್ತು ಕೆಟ್ಟೈತೆ, ಅದಕ್ಕೇ ರಜ ಹಾಕಿ ಊರಲ್ಲೇ ಕೂತಿದೀನಿ. ಲಾಗಿನ್ ರಿಕ್ವೆಸ್ಟಿಗೆ 200 ಬಂತು, ಅಂದ್ರೆ ಸರಿ ಅಂತು, ಟೋಕನ್ನೂ ಬಂತು. ಅದಾದ್ಮೇಲೆ ಸರ್ವರಿಗೆ ಒಂದ್ ರಿಕ್ವೆಸ್ಟೂ ಹೋಗಿಲ್ಲ, ಒಳಗೆ ಬಿಡಲ್ಲ ಅನ್ನೋ 401 ಬತ್ತದೇನೋ ಅಂತ ಕಾಯ್ತಿದ್ದೆ, ಅದೂ ಇಲ್ಲ.

ಸೊನ್ನೆಒಂದು:
ಹಾಗಾದ್ರೆ ಸರ್ವರು ಪಾಪ ಏನೂ ಮಾಡಿಲ್ಲ, ನಿಮ್ಮ ರಿಯಾಕ್ಟ್ ಕೋಡೇ ಟೋಕನ್ ನೋಡಿ ಬಿಸಾಕ್ತಿದೆ. ಟೋಕನ್ನಿನ ಎಕ್ಸ್‌ಪೈರಿನ ಬ್ರೌಸರಿನ ಟೈಮ್ ಜೊತೆ ಹೋಲಿಸೋ ಸಾಲು ಇದ್ಯಾ? ನಿನ್ನೆ ರಾತ್ರಿ ಕರೆಂಟ್ ಹೋಗಿತ್ತಾ? ಪೈಲಿ ಡೇಟ್ ಕಮಾಂಡ್ ಕೊಟ್ಟು ಏನ್ ಬರತ್ತೆ ಹೇಳಿ, ಹಾಗೇ ಆ ಹಳೇ ಡೆಸ್ಕ್‌ಟಾಪಿನ ಮೂಲೇಲಿ ಎಷ್ಟು ಗಂಟೆ ತೋರಿಸ್ತಿದೆ ಅದೂ ನೋಡಿ.

ಅಗ್ರಹಾರ ಸರ್ಕಲ್:
ಎಕ್ಸ್‌ಪೈರಿ ಸೆಕೆಂಡಲ್ಲಿರತ್ತೆ, ಈಗಿನ ಟೈಮ್ ಕೊಡೋ ಜಾವಾಸ್ಕ್ರಿಪ್ಟಿನ ಡೇಟ್ ನೌ ಮಿಲಿಸೆಕೆಂಡಲ್ಲಿ. 1000ದಿಂದ ಗುಣಿಸಿದೀರ ತಾನೆ?

ಗಾಣದಮನೆ ಹೈದ:
ಗುಣಿಸಿದೀನಿ ಅಣ್ಣ. ಆದ್ರೆ ಅಯ್ಯೋ. ನನ್ ಫೋನಲ್ಲಿ ಈಗ ಬೆಳಿಗ್ಗೆ 7 ಗಂಟೆ, ಪೈಲಿ ನಿನ್ನೆ ರಾತ್ರಿ 11:47! ರಾತ್ರಿ ಹತ್ತೂವರೆ ಮೇಲೆ ಕರೆಂಟ್ ಹೋಗಿದ್ದು ಬೆಳಿಗ್ಗೆ ಐದೂವರೆಗೆ ಬಂತು. ಡೆಸ್ಕ್‌ಟಾಪಲ್ಲಿ 2009ನೇ ಇಸ್ವಿ ಜನವರಿ 1 ಅಂತೈತೆ, ಅದರ ಸೆಲ್ ಸತ್ತು ಎಷ್ಟು ವರ್ಷ ಆಯ್ತೋ ಯಾರೂ ನೋಡಿಲ್ಲ.

ಸೊನ್ನೆಒಂದು:
ಸಿಕ್ತು ಕಳ್ಳ. ಪೈ 4ರಲ್ಲಿ ಬ್ಯಾಟರಿ ಮೇಲೆ ಓಡೋ ಗಡಿಯಾರ ಇಲ್ಲ. ಫೇಕ್ ಎಚ್‌ಡಬ್ಲ್ಯೂಕ್ಲಾಕ್ ಅಂತ ಒಂದು ಪ್ರೋಗ್ರಾಮು ಗಂಟೆಗೊಂದ್ಸಲ ಟೈಮನ್ನ ಫೈಲಲ್ಲಿ ಬರೆದಿಡತ್ತೆ, ಕರೆಂಟ್ ಬಂದಾಗ ಅಲ್ಲಿಂದಲೇ ಎಣಿಕೆ ಶುರು. ನಿಮ್ಮ ಲೆಕ್ಕ ನೋಡಿ, 10:17ಕ್ಕೆ ಬರೆದಿಟ್ಟಿದೆ, ಬೆಳಿಗ್ಗೆ ಎದ್ದು ಒಂದೂವರೆ ಗಂಟೆ ಆಯ್ತು, ಅದಕ್ಕೇ 11:47. ಇಂಟರ್ನೆಟ್ ಇದ್ದಿದ್ರೆ ನೆಟ್ಟಿಂದ ಟೈಮ್ ತರೋ ಎನ್‌ಟಿಪಿ ಸರಿ ಮಾಡ್ತಿತ್ತು. ಈಗ ಅದು ಕೊಡೋ ಟೋಕನ್ ರಾತ್ರಿ 1:47ಕ್ಕೇ ಮುಗಿಯತ್ತೆ, ಬೆಳಿಗ್ಗೆ ಏಳರಲ್ಲಿರೋ ಫೋನಿಗೆ ಅದು ಹುಟ್ಟೋಕ್ ಮುಂಚೆನೇ ಸತ್ತ ಟೋಕನ್ನು. 2009ರಲ್ಲಿರೋ ಡೆಸ್ಕ್‌ಟಾಪಿಗೆ ಯಾವ ಟೋಕನ್ನೂ ಮುಗಿಯೋದೇ ಇಲ್ಲ, ಸರ್ವರು ತನ್ನ ಗಡಿಯಾರನೇ ನೋಡೋದ್ರಿಂದ ಅದೂ ಒಪ್ಪತ್ತೆ. ನೀವು ಬ್ಯಾಕಪ್ಪಿಗೆ ಮೊಬೈಲ್ ಟೆದರಿಂಗ್ ಹಾಕ್ತೀರ ಅಲ್ವಾ?

ಗಾಣದಮನೆ ಹೈದ:
ಹೂಂ ಕಣಣ್ಣ, ಯುಎಸ್‌ಬಿ ಟೆದರಿಂಗು! ಅದರಿಂದ ಟೈಮ್ ಸರಿಹೋಯ್ತಿತ್ತು, ನಾನೋ ರೀಸ್ಟಾರ್ಟ್ ಮಾಡಿದ್ದಕ್ಕೆ ಅಂದ್ಕೊಂಡಿದ್ದೆ.

ಸೊನ್ನೆಒಂದು:
ಇವತ್ತಿಗೆ ಕೈಯಿಂದ ಡೇಟ್ ಹಾಕಿ. ಗಡಿಯಾರ ಏಳು ಗಂಟೆ ಮುಂದೆ ಜಿಗಿದಾಗ ಆಗ್ಲೇ ಕೊಟ್ಟಿರೋ ಟೋಕನ್ನೆಲ್ಲ ಒಟ್ಟಿಗೆ ಮುಗಿಯತ್ತೆ, ಡೆಸ್ಕ್‌ಟಾಪಲ್ಲೂ ಇನ್ನೊಂದ್ಸಲ ಲಾಗಿನ್ ಆಗ್ಬೇಕು, ಗಾಬರಿ ಬೀಳ್ಬೇಡಿ. ಆಮೇಲೆ ಡಿಎಸ್3231 ಅನ್ನೋ ಆರ್‌ಟಿಸಿ ಮಾಡ್ಯೂಲ್, ಅಂದ್ರೆ ಸೆಲ್ ಮೇಲೆ ಓಡೋ ಗಡಿಯಾರ, ತಂದು ಪೈನ ಐಟೂಸಿ ಪಿನ್ನಿಗೆ ಹಾಕಿ. ಒಂದ್ ಮಾತು, ಅಗ್ಗದ ಬೋರ್ಡುಗಳಲ್ಲಿ ಸೆಲ್ ಚಾರ್ಜ್ ಮಾಡೋ ಸರ್ಕ್ಯೂಟ್ ಇರತ್ತೆ, ಸಿಆರ್2032 ಚಾರ್ಜ್ ಮಾಡೋ ಸೆಲ್ ಅಲ್ಲ, ಒಂದೋ ಚಾರ್ಜ್ ಆಗೋ ಎಲ್‌ಐಆರ್2032 ಹಾಕಿ ಇಲ್ಲಾ ಆ ದಾರಿಲಿರೋ ಡಯೋಡೋ ರೆಸಿಸ್ಟರೋ ಕಿತ್ತಾಕಿ. ಕೋಡಲ್ಲಿ ಬ್ರೌಸರ್ ಕಡೆ ಇರೋ ಎಕ್ಸ್‌ಪೈರಿ ಚೆಕ್ ತೆಗೀರಿ, ಸರ್ವರ್ 401 ಅಂದಾಗ ಮಾತ್ರ ಆಚೆ ಕಳ್ಸಿ. ಆದ್ರೆ ಕೋಡ್ ಬದಲಾಯಿಸಿ ಗಡಿಯಾರ ಹಂಗೇ ಬಿಟ್ರೆ ಲಾಗಿನ್ ಆಗತ್ತೆ, ರೋಗ ಒಳಗೇ ಇರತ್ತೆ, ನಿಮ್ಮ ತೂಕದ ಎಂಟ್ರಿಗಳ ತಾರೀಕು ಒಂದ್ಸಲ ನೋಡಿ.

ಗಾಣದಮನೆ ಹೈದ:
ಬರೋಕೆ ನಾಕ್ ದಿನ ತಡ ಆಯ್ತು. ಮಾಡ್ಯೂಲ್ ಮೈಸೂರಲ್ಲೇ ಸಿಕ್ತು, ಎಲ್‌ಐಆರ್ ಸೆಲ್ಲೇ ಹಾಕ್ದೆ, ಮೊನ್ನೆ ಮೇನ್ ಸ್ವಿಚ್ ಆಫ್ ಮಾಡಿ ರಾತ್ರಿಯೆಲ್ಲ ಬಿಟ್ಟು ನೋಡ್ದೆ, ಬೆಳಿಗ್ಗೆ ಟೈಮ್ ಸರಿಯಾಗಿತ್ತು, ಎಲ್ರ ಫೋನಲ್ಲೂ ಲಾಗಿನ್ ಆಯ್ತು. ಸೊನ್ನೆಒಂದು ಅಣ್ಣ, ತಾರೀಕು ನೋಡಿ ಅಂದ್ರಲ್ಲ, ಹಳೇ ಡೆಸ್ಕ್‌ಟಾಪಿಂದ ಹಾಕಿರೋ ಬೆಳಿಗ್ಗೆ ಲೋಡುಗಳು 23 ಹಿಂದಿನ ದಿನದ ಲೆಕ್ಕಕ್ಕೆ ಸೇರ್ಕೊಂಡವೆ. ಈಗ ನಮ್ಮಪ್ಪನ ನೋಟ್‌ಬುಕ್ ಪಕ್ಕಕ್ಕಿಟ್ಕೊಂಡು ಒಂದೊಂದೇ ತಿದ್ತಾ ಕೂತಿದೀನಿ, ಅವ್ರು ಏನೂ ಅಂತಿಲ್ಲ, ಸುಮ್ನೆ ನಗ್ತಾ ಓಡಾಡ್ತಾವ್ರೆ.