ಪ್ರಾದೇಶಿಕ ಮಂಡಳಿ ಚುನಾವಣೆ: ಬಸ್ಸಿನ ವಿಷಯ ಯಾರನ್ನು ಕೇಳಬೇಕು?

ಪ್ರಶ್ನೆ: ವೆಲ್ಲಿಂಗ್ಟನ್ ಕನ್ನಡಿಗರೇ, ನ್ಯೂಜಿಲೆಂಡಿನ ಈ ಲೋಯರ್ ಹಟ್ ನಗರಕ್ಕೆ ಬಂದ ಮೇಲೆ ಇದೇ ನನ್ನ ಮೊದಲ ಮತ. 2025ರ ಅಕ್ಟೋಬರ್ 11ರೊಳಗೆ ಹಾಕಬೇಕಂತೆ. ಅಂಚೆಯ ಲಕೋಟೆಯಲ್ಲಿ ಮೇಯರ್, ನಗರ ಮಂಡಳಿ, ಪ್ರಾದೇಶಿಕ ಮಂಡಳಿ ಎಲ್ಲದರ ಮತಪತ್ರಗಳೂ ಒಟ್ಟಿಗೆ ಬಂದಿವೆ. ಅಭ್ಯರ್ಥಿಗಳ ಪರಿಚಯದ ಕಿರುಪುಸ್ತಿಕೆ ತೆರೆದರೆ ಎಲ್ಲರದ್ದೂ ‘ಉತ್ತಮ ಸಾರ್ವಜನಿಕ ಸಾರಿಗೆ’ಯ ಮಂತ್ರ! ಹೆಂಡತಿಯ ಪಾಳಿ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿಗೆ ಬಸ್ ಬೇಕೆಂದರೆ ಯಾರನ್ನು ಹಿಡಿಯಬೇಕು?

ಉತ್ತರ 1: ಪ್ರಾದೇಶಿಕ ಮಂಡಳಿಯನ್ನು. ಮಾರ್ಗ, ವೇಳಾಪಟ್ಟಿ, ದರ, ನಿರ್ವಾಹಕ ಕಂಪನಿಗಳ ಗುತ್ತಿಗೆ ಎಲ್ಲವೂ ಅದರ ಕೈಯಲ್ಲಿವೆ. ರಸ್ತೆಯ ಮೇಲೆ ಬಸ್ಸಿಗೆಂದೇ ಮೀಸಲಿಟ್ಟ ಪಥ ಮಾತ್ರ ನಗರ ಮಂಡಳಿಯದ್ದು. ಇಬ್ಬರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುವುದು ಇಲ್ಲಿಯ ಹಳೆಯ ಆಟ. 2018ರ ಜುಲೈನಲ್ಲಿ ವೆಲ್ಲಿಂಗ್ಟನ್ ಬಸ್ ಜಾಲವನ್ನೇ ಬದಲಿಸಿದರು. ಬಸ್ಸುಗಳು ಬಾರದೆ, ಬಂದವು ತುಂಬಿ ತುಳುಕಿ, ಜನ ರೊಚ್ಚಿಗೆದ್ದರು. ಮರುವರ್ಷದ ಚುನಾವಣೆಯಲ್ಲಿ ಅದೇ ದೊಡ್ಡ ಮಾತು. ಹಾಗಾಗಿ ‘ಉತ್ತಮ’ ಎನ್ನುವವರಿಗೆ ನೇರವಾಗಿ ಮಿಂಚಂಚೆ ಬರೆಯಿರಿ: ಯಾವ ಮಾರ್ಗ, ಎಷ್ಟು ಗಂಟೆಯವರೆಗೆ, ದುಡ್ಡು ಎಲ್ಲಿಂದ? ಉತ್ತರಿಸದವರಿಗೆ ನಾನಂತೂ ಮತ ಹಾಕುವುದಿಲ್ಲ.

ಉತ್ತರ 2: ಯಾರಾದರೂ ಅಭ್ಯರ್ಥಿ ಅರ್ಧ ಬಸ್ ದರದ ಭರವಸೆ ಕೊಟ್ಟರೆ ಮರುಳಾಗಬೇಡಿ. 2022ರ ಏಪ್ರಿಲ್‌ನಲ್ಲಿ ಬಂದ ಅರ್ಧ ದರಕ್ಕೆ ಹಣ ಕೊಟ್ಟದ್ದು ಕೇಂದ್ರ ಸರ್ಕಾರ. ಮಂಡಳಿಯೇ ಕೊಡುವುದಾದರೆ ಅದು ನಮ್ಮ ಆಸ್ತಿ ತೆರಿಗೆಯ ಮೇಲೇ ಬೀಳುತ್ತದೆ.

ಉತ್ತರ 3: ಪ್ರಾದೇಶಿಕ ಮಂಡಳಿಯ ಪಟ್ಟಿಯಲ್ಲಿ ಗುರುತು ಹಾಕುವುದಲ್ಲ, 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಕೊನೆಯ ದಿನ ಮತದಾನ ಮಧ್ಯಾಹ್ನ 12ಕ್ಕೇ ಮುಗಿಯುತ್ತದೆ, ಅಂಚೆ ನಂಬಿ ಕೂರಬೇಡಿ.